ಬಯಲು ಸೀಮೆಯವರು ಕೇದಾರಕ್ಕೆ ನಡೆದ ದಾರಿ

ಮಸ್ಕಿಯ ಬಂಡೆಶಾಸನವನ್ನು ನೋಡಲು ಬರುವವರಲ್ಲಿ ಹೆಚ್ಚಿನವರು ಒಂದು ಹೆಸರನ್ನು ಹುಡುಕಿಕೊಂಡು ಬರುತ್ತಾರೆ. 1915ರಲ್ಲಿ ಚಿನ್ನದ ಗಣಿಗಾರಿಕೆಯ ಎಂಜಿನಿಯರ್ ಬೀಡನ್ ಎಂಬಾತನ ಕಣ್ಣಿಗೆ ಬಿದ್ದ ಈ ಶಾಸನದಲ್ಲಿ ದೇವಾನಾಂಪ್ರಿಯನೆಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರೂ ಇರುವುದರಿಂದ ಅದಕ್ಕೆ ಆ ಕೀರ್ತಿ ಸಂದಿದೆ. ನನಗೆ ಮಾತ್ರ ಈ ಶಾಸನದ ಒಡಹುಟ್ಟುಗಳಲ್ಲಿ ಬರುವ ಒಂದು ಅಂಕೆ ಹೆಸರಿಗಿಂತ ಹೆಚ್ಚು ಕಾಡುತ್ತದೆ. ಬ್ರಹ್ಮಗಿರಿಯ ಪ್ರತಿಯಲ್ಲಿಯೂ ಉತ್ತರದ ಕೆಲವು ಪ್ರತಿಗಳಲ್ಲಿಯೂ ಕೊನೆಗೆ 256 ಎಂದು ಕೊರೆದಿದೆ. ಅರಸನು ಮನೆಬಿಟ್ಟು ಸಂಚಾರದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂದು ಹಲವು ವಿದ್ವಾಂಸರ ಮತ, ಅಲ್ಲವೆನ್ನುವವರೂ ಇದ್ದಾರೆ. ಇದೇ ಅರಸನ ಬೇರೊಂದು ಶಾಸನಮಾಲೆ ಯಮುನೆ ಹಿಮಾಲಯದಿಂದ ಬಯಲಿಗಿಳಿಯುವ ಕಾಲ್ಸಿಯ ಬಂಡೆಯ ಮೇಲಿದೆ. ಎಂದರೆ, ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಯಾರೋ ಕೆಲವರು, ಒಬ್ಬನೇ ಅರಸನ ಮಾತನ್ನು ಹೊತ್ತು, ಹಿಮಾಲಯದ ಹೊಸ್ತಿಲಿಗೂ ನಮ್ಮ ಈ ಎರೆನೆಲಕ್ಕೂ ನಡೆದಿದ್ದರು. ಅವರ ಹೆಸರು ಯಾವ ಬಂಡೆಯ ಮೇಲೂ ಇಲ್ಲ.

ಹೆಸರಿಲ್ಲದ ನಡಿಗೆಯವರನ್ನು ಕುರಿತೇ ಈ ಬರಹ. ಸಿಂಧನೂರು, ಲಿಂಗಸುಗೂರು, ಈಚೆಗೆ ಸ್ವಂತ ತಾಲ್ಲೂಕಾಗಿರುವ ಮಸ್ಕಿ — ಕೃಷ್ಣೆ ತುಂಗಭದ್ರೆಗಳ ನಡುವಣ ಈ ಮೂರು ಊರುಗಳ ಸುತ್ತಿನ ಜನ ಊರು ಬಿಟ್ಟು ಕದಲದವರು, ಮಳೆ ಬಂದರೆ ಹೊಲ, ಬಾರದಿದ್ದರೆ ಗುಳೆ, ಇಷ್ಟೇ ಇವರ ಪ್ರಪಂಚ ಎಂಬ ಮಾತನ್ನು ನಾನು ನನ್ನ ಸಹೋದ್ಯೋಗಿಗಳ ಬಾಯಲ್ಲೇ ಕೇಳಿದ್ದೇನೆ. ಇದು ಪೂರ್ತಿ ನಿಜವಲ್ಲ. ಮೋಟಾರು ಇಲ್ಲದ ಕಾಲದಲ್ಲಿ, ಕರೆದೊಯ್ಯುವ ಕಂಪನಿಗಳ ಹೆಸರೇ ಕೇಳದ ಕಾಲದಲ್ಲಿ, ಇಲ್ಲಿಂದ ಹೊರಟು ತಮ್ಮ ಪಾಡಿಗೆ ತಾವು ಹಿಮಾಲಯದ ಕೇದಾರವನ್ನು ಮುಟ್ಟಿ ಬಂದವರಿದ್ದರು. ನಮ್ಮ ಮನೆತನದಲ್ಲೇ ಒಬ್ಬಳಿದ್ದಳು, ನನ್ನ ಮುತ್ತಜ್ಜಿ. ಅವಳ ವಿಷಯ ಮುಂದೆ ಬರುತ್ತದೆ.

ಮೊದಲು ಕೇದಾರವೆಂಬ ಹೆಸರು ಕನ್ನಡ ನಾಡಿಗೆ ಎಷ್ಟು ಹಳೆಯದೆಂಬುದನ್ನು ನೆನೆಯಬೇಕು. ಬಳ್ಳಿಗಾವೆಯ ಕೇದಾರೇಶ್ವರನಿಗೆ ದಕ್ಷಿಣ ಕೇದಾರೇಶ್ವರನೆಂದು ಹೆಸರು. ಅಲ್ಲಿಯ ಕೋಡಿಯ ಮಠದ ಕಾಳಾಮುಖ ಗುರುಗಳಲ್ಲಿ ಒಬ್ಬನು ಕೇದಾರಶಕ್ತಿ. ಆ ಮಠವನ್ನು ವರ್ಣಿಸುವ 1162ರ ಶಾಸನದಲ್ಲಿ ವೇದಶಾಸ್ತ್ರಗಳ ಓದಿನ ಜೊತೆಗೆ ದೀನರಿಗೆ, ಕುಂಟರಿಗೆ, ಕುರುಡರಿಗೆ, ಪರದೇಶಿಗಳಿಗೆ ಅನ್ನವಿಕ್ಕುವ, ರೋಗಿಗಳಿಗೆ ಮದ್ದು ಕೊಡುವ ಮಾತು ಬರುತ್ತದೆ. ನಡೆದು ದಣಿದವನು ಬಂದು ಬೀಳಬಹುದಾದ ಜಾಗ ಅದು. ದೂರದ ಕೇದಾರಕ್ಕೆ ಹೋಗಲಾರದವರಿಗಾಗಿ ಹತ್ತಿರದ ಕೇದಾರವನ್ನು ಕಟ್ಟಿದರೆಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗನ್ನಿಸುವುದು ಬೇರೆ: ದೂರದ್ದನ್ನು ಬಲ್ಲವರು, ಕಂಡುಬಂದವರು ನಾಡಿನಲ್ಲಿ ಇದ್ದುದರಿಂದಲೇ ಹತ್ತಿರದ್ದಕ್ಕೆ ಆ ಹೆಸರು ನಿಂತಿತು. ಕಾಣದ ಊರಿನ ಹೆಸರನ್ನು ಜನ ಅಷ್ಟು ಪ್ರೀತಿಯಿಂದ ಇಡುವುದಿಲ್ಲ.

ನಮ್ಮ ಭಾಗದಲ್ಲಿ ದಕ್ಷಿಣ ಕೇದಾರವಿಲ್ಲ, ಎರಡನೆಯ ಶ್ರೀಶೈಲವಿದೆ. ಮಸ್ಕಿಯ ಗುಡ್ಡದ ಮೇಲಿನ ಮಲ್ಲಿಕಾರ್ಜುನನನ್ನು ಜನ ಹಾಗೆ ಕರೆಯುತ್ತಾರೆ. ಈ ಗುಡ್ಡ ಹತ್ತಿದ ಮಕ್ಕಳು ಬೆಳೆದು ದೊಡ್ಡವರಾಗಿ ನಿಜವಾದ ಶ್ರೀಶೈಲಕ್ಕೆ ನಡೆದರು, ಇಂದಿಗೂ ನಡೆಯುತ್ತಾರೆ. ಯುಗಾದಿಗೆ ಮುಂಚೆ ಮಲ್ಲಯ್ಯನ ಕಂಬಿ ಹೊತ್ತು, ಕೆಲವರು ಮರಗಾಲು ಕಟ್ಟಿಕೊಂಡು, ಉತ್ತರ ಕರ್ನಾಟಕದ ಊರೂರುಗಳಿಂದ ಹೊರಡುವ ಈ ಪಾದಯಾತ್ರೆಯನ್ನು ಕಾಣದವರು ನಮ್ಮಲ್ಲಿ ಯಾರಿದ್ದಾರೆ? ಮಾನ್ವಿಯ ಕಡೆಯಿಂದ ಹಾಯ್ದು ತುಂಗಭದ್ರೆ ದಾಟಿ ಕರ್ನೂಲು, ಆತ್ಮಕೂರು. ಅಲ್ಲಿಂದ ಮುಂದೆ ನಲ್ಲಮಲೆಯ ಕಾಡು. ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಲನು, ಕೈಲಾಸದ್ವಾರ — ಈ ಹೆಸರುಗಳನ್ನು ಓದುಬರಹ ಬಾರದ ನಮ್ಮ ಮುದುಕರು ಕ್ರಮ ತಪ್ಪದೆ ಹೇಳುತ್ತಾರೆ. ಭೀಮುನಿ ಕೊಲನಿನ ಬಳಿ ಮೆಟ್ಟಿಲುಗಳು ಕಣಿವೆಯ ತಳಕ್ಕೆ ಇಳಿದು ಮತ್ತೆ ಅಷ್ಟೇ ಎತ್ತರಕ್ಕೆ ಏರುತ್ತವೆ. ಹದಿನಾಲ್ಕನೆಯ ಶತಮಾನದಲ್ಲಿ ಕೊಂಡವೀಡಿನ ರೆಡ್ಡಿ ಅರಸರು ಈ ಬೆಟ್ಟಕ್ಕೆ ಮೆಟ್ಟಿಲು ಕಟ್ಟಿಸಿದರು. ಅದಕ್ಕೂ ಮೊದಲು, ಸೊನ್ನಲಿಗೆಯ ಸಿದ್ಧರಾಮನೆಂಬ ಹುಡುಗ ತನ್ನ ಮಲ್ಲಯ್ಯನನ್ನು ಹುಡುಕುತ್ತ ಯಾತ್ರಿಕರ ಹಿಂದೆ ಶ್ರೀಶೈಲಕ್ಕೆ ಹೋದುದನ್ನು ರಾಘವಾಂಕ ಕಾವ್ಯವಾಗಿಸಿದ್ದಾನೆ. ಕನ್ನಡ ಸಾಹಿತ್ಯದಲ್ಲಿ ಬೆಟ್ಟದ ದಾರಿ ಹಿಡಿದ ಮಗುವಿನ ಚಿತ್ರ ಅಷ್ಟು ಹೃದಯಂಗಮವಾಗಿ ಬೇರೆಡೆ ಬಂದಿಲ್ಲವೆಂದೇ ನನ್ನ ಅಭಿಪ್ರಾಯ.

ಶ್ರೀಶೈಲದ ಎತ್ತರ ಹಿಮಾಲಯದ ಮುಂದೆ ಏನೂ ಅಲ್ಲ. ಆದರೆ ಕಲಿಯಬೇಕಾದ್ದನ್ನೆಲ್ಲ ಜನ ಅಲ್ಲಿಯೇ ಕಲಿತರು. ಎಷ್ಟು ಹೊರಬೇಕು, ಎಷ್ಟು ಬಿಡಬೇಕು. ನೀರು ಎಲ್ಲಿ ಸಿಗುತ್ತದೆ. ಹಗಲಿನ ಯಾವ ಹೊತ್ತಿನಲ್ಲಿ ನಡೆಯಬೇಕು. ಗುಂಪಿನಲ್ಲಿ ಹಿಂದೆ ಬಿದ್ದವನಿಗಾಗಿ ಎಷ್ಟು ಹೊತ್ತು ಕಾಯಬೇಕು. ಇದು ಪುಸ್ತಕದಲ್ಲಿ ಬರುವ ವಿದ್ಯೆಯಲ್ಲ.

ಕೇದಾರಕ್ಕೆ ಹೋಗುವವನು ಮೊದಲು ಕಾಶಿಯನ್ನು ಮುಟ್ಟಬೇಕಾಗಿತ್ತು. ರೈಲಿಗೆ ಮೊದಲು ಆ ಹಾದಿ ಹೈದರಾಬಾದು, ನಾಗಪುರ, ಜಬ್ಬಲಪುರಗಳ ಮೇಲೆ ಪ್ರಯಾಗಕ್ಕೆ ಹೋಗುತ್ತಿತ್ತು. ಮದರಾಸಿನ ಏನುಗುಲ ವೀರಾಸ್ವಾಮಿ ಎಂಬ ಗೃಹಸ್ಥರು 1830ರ ಮೇ ತಿಂಗಳಲ್ಲಿ ಹೊರಟು 1831ರ ಸೆಪ್ಟೆಂಬರಿನಲ್ಲಿ ಮನೆ ಸೇರಿದ ತಮ್ಮ ಕಾಶೀಯಾತ್ರೆಯನ್ನು ತೆಲುಗಿನಲ್ಲಿ ದಿನಚರಿಯಾಗಿ ಬರೆದಿಟ್ಟಿದ್ದಾರೆ. ಹದಿನೈದು ತಿಂಗಳು! ಅವರ ಜೊತೆಗೆ ಸುಮಾರು ನೂರು ಜನರ ಪರಿವಾರವಿತ್ತು. ಡೇರೆ, ಪಲ್ಲಕ್ಕಿ, ಬೋಯಿಗಳು. ನಮ್ಮ ಸೀಮೆಯ ಒಕ್ಕಲಿಗನಿಗಾಗಲಿ ಜಂಗಮನಿಗಾಗಲಿ ಇದಾವುದೂ ಇರಲಿಲ್ಲ. ಕಾಶಿಗೆ ಹೋದವನೂ ಕಾಟಿಗೆ ಹೋದವನೂ ಒಂದೇ ಎಂಬ ತೆಲುಗು ಗಾದೆ ನಮ್ಮ ಗಡಿಸೀಮೆಯಲ್ಲಿ ಕನ್ನಡದವರ ಬಾಯಲ್ಲೂ ಇದೆ. ಕಾಟಿ ಎಂದರೆ ಸ್ಮಶಾನ. ಹೊರಡುವ ಮುನ್ನ ಸಾಲ ತೀರಿಸಿ, ಮಕ್ಕಳಿಗೆ ಆಸ್ತಿ ಪಾಲು ಮಾಡಿ, ಬೀಗರಿಗೆಲ್ಲ ಹೇಳಿ ಹೊರಡುವ ಪದ್ಧತಿ ಆ ಗಾದೆಯ ಬೆನ್ನಿಗೇ ಹುಟ್ಟಿದ್ದು.

ದಾರಿಯಲ್ಲಿ ಭಯವೂ ಕಡಿಮೆಯದಲ್ಲ. ಲಿಂಗಸುಗೂರು ಆಗ ಹೈದರಾಬಾದ್ ಕಾಂಟಿಂಜೆಂಟಿನ ದಂಡು ಬಿಟ್ಟಿದ್ದ ಊರು. ಛಾವಣಿ ಎಂಬ ಹೆಸರು ಆ ಕಾಲದ್ದು. ಕೃಷ್ಣೆಯಾಚೆಯ ಸುರಪುರದಲ್ಲಿ 1841ರಿಂದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್, ಅದಕ್ಕೆ ಎರಡು ವರ್ಷ ಮೊದಲೇ, 1839ರಲ್ಲಿ, ಠಗ್ಗನೊಬ್ಬನ ತಪ್ಪೊಪ್ಪಿಗೆಯನ್ನು ಕಾದಂಬರಿಯಾಗಿ ಬರೆದು ವಿಲಾಯಿತಿಯನ್ನೇ ನಡುಗಿಸಿದ್ದ. ಠಗ್ಗರು ಯಾತ್ರಿಕರಂತೆ ವೇಷ ಹಾಕಿ, ಯಾತ್ರಿಕರ ಜೊತೆ ಉಂಡು ಮಲಗಿ, ಸಮಯ ನೋಡಿ ಕೊರಳಿಗೆ ಕರವಸ್ತ್ರ ಹಾಕುತ್ತಿದ್ದರು. ಒಂಟಿಯಾಗಿ ಹೋಗುವವನು ಜೊತೆಯನ್ನು ಬಯಸಬೇಕು, ಜೊತೆಯನ್ನೇ ಶಂಕಿಸಲೂ ಬೇಕು, ಎಂಥ ಇಕ್ಕಟ್ಟು! ಜಂಗಮನ ಜೋಳಿಗೆ, ಬೆತ್ತ, ಗಂಟೆಗಳು ಇಂಥ ಕಡೆ ರಕ್ಷೆಯಾಗಿದ್ದಿರಬೇಕು. ಅವನ ಬಳಿ ದೋಚಲು ಏನಿತ್ತು?

ಕಾಶಿಯಲ್ಲಿ ಕನ್ನಡಿಗನಿಗೆ ಜಂಗಮವಾಡಿ ಮಠವೆಂಬ ತವರಿತ್ತು. ಮೊಗಲ ಬಾದಶಹರ ಫರ್ಮಾನುಗಳು ಇಂದಿಗೂ ಆ ಮಠದಲ್ಲಿವೆ. ಅಕ್ಬರನ ಕಾಲಕ್ಕಾಗಲೇ ಗಂಗೆಯ ದಡದಲ್ಲಿ ದಕ್ಷಿಣದ ಶೈವರಿಗೆ ಮಾನ್ಯವಾದ ನೆಲೆ ಇತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಇನ್ನೊಂದು ತವರು ಹಿಮಾಲಯದಲ್ಲೇ ಇತ್ತು, ಇದೆ: ಊಖೀಮಠ. ಕೇದಾರನಾಥದ ರಾವಲರು ಕರ್ನಾಟಕದ ವೀರಶೈವ ಪರಂಪರೆಯವರು. ರಾವಲರು ತಾವೇ ಪೂಜೆ ಮಾಡುವುದಿಲ್ಲ. ಅವರ ಅಪ್ಪಣೆಯಂತೆ, ಕನ್ನಡ ನಾಡಿನಿಂದಲೇ ಹೋದ ಪೂಜಾರಿಗಳು ಸರದಿಯ ಮೇಲೆ ಮಾಡುತ್ತಾರೆ. ದೀಪಾವಳಿಯ ಅಮಾವಾಸ್ಯೆಗೆ ನಮ್ಮ ಕಡೆಯ ಕೆಲವು ಮನೆಗಳಲ್ಲಿ ಹೆಂಗಸರು ಇಪ್ಪತ್ತೊಂದು ಎಳೆಯ ದಾರ ಕಟ್ಟಿ ಕೇದಾರ ವ್ರತ ಮಾಡುತ್ತಾರಲ್ಲ, ಅದಾದ ಎರಡನೆಯ ದಿನವೇ, ಯಮದ್ವಿತೀಯೆಗೆ, ಅಲ್ಲಿ ಕೇದಾರನ ಬಾಗಿಲು ಮುಚ್ಚುತ್ತದೆ. ಉತ್ಸವಮೂರ್ತಿ ಹಿಮಕ್ಕೆ ಹೆದರಿ ಊಖೀಮಠಕ್ಕಿಳಿದು ಚಳಿಗಾಲ ಕಳೆಯುತ್ತದೆ. ಮತ್ತೆ ಬಾಗಿಲು ತೆರೆಯುವ ದಿನವನ್ನು ಶಿವರಾತ್ರಿಯಂದು ಊಖೀಮಠದಲ್ಲಿ ಸಾರುತ್ತಾರೆ.

1871ರಲ್ಲಿ ಮುಂಬಯಿ ಕಡೆಯ ಹಳಿಯೂ ಮದರಾಸು ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಅದಕ್ಕೆ ಒಂದು ವರ್ಷ ಮೊದಲು ಜಬ್ಬಲಪುರದಲ್ಲಿ ಮುಂಬಯಿ ಕಲಕತ್ತೆಗಳ ಹಳಿ ಕೂಡಿತ್ತು. 1886ರಲ್ಲಿ ಹರಿದ್ವಾರಕ್ಕೆ ರೈಲು ಬಂತು, 1927ರಲ್ಲಿ ಋಷಿಕೇಶಕ್ಕೆ. ಈ ನಾಲ್ಕು ವರ್ಷಗಳನ್ನು ಒಂದು ಸಾಲಿನಲ್ಲಿಟ್ಟು ನೋಡಿದರೆ, ರಾಯಚೂರು ಸೀಮೆಯ ಒಬ್ಬ ಸಾಮಾನ್ಯ ಗೃಹಸ್ಥನಿಗೆ ಹಿಮಾಲಯವು ಜನ್ಮದ ಸಾಹಸವಾಗಿದ್ದುದು ಹೋಗಿ ಒಂದು ಬೇಸಗೆಯ ಕೆಲಸವಾದುದು ಹೇಗೆಂದು ತಿಳಿಯುತ್ತದೆ. ವಿಚಿತ್ರವೆಂದರೆ ಸಿಂಧನೂರಿಗೇ ರೈಲು ಬರಲು 2024ರವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ನಮ್ಮವರಿಗೆ ಹಿಮಾಲಯದ ದಾರಿಯಲ್ಲಿ ಮೊದಲ ಕಷ್ಟವೆಂದರೆ ರಾಯಚೂರು ಮುಟ್ಟುವುದೇ. ಗಾಡಿಯ ಕಾಲದಲ್ಲಿ ಅದು ಎರಡು ಮೂರು ದಿನಗಳ ಮಾತು.

ನನ್ನ ಮುತ್ತಜ್ಜಿ ಹೋದದ್ದು ಋಷಿಕೇಶಕ್ಕೆ ರೈಲು ಬಂದ ಮೇಲೆ, 1930ರ ದಶಕದಲ್ಲಿ. ಗಂಡ ತೀರಿಕೊಂಡು, ಮಕ್ಕಳು ದೊಡ್ಡವರಾಗಿ, ಮನೆಯ ಬೀಗದ ಕೈ ಸೊಸೆಗೆ ಕೊಟ್ಟ ಮೇಲೆ. ಸುತ್ತಲ ಹಳ್ಳಿಗಳ ಹನ್ನೊಂದು ಜನ ಕೂಡಿ ಹೊರಟರು; ಅವರಲ್ಲಿ ನಾಲ್ವರು ಹೆಂಗಸರು. ಈ ವಿವರ ನನಗೆ ಬಂದದ್ದು ಅಜ್ಜಿಯಿಂದ, ಎಂದರೆ ಬೀಗದ ಕೈ ಇಸಿದುಕೊಂಡ ಆ ಸೊಸೆಯಿಂದ. ಅತ್ತೆಯ ಯಾತ್ರೆಯನ್ನು ಹೇಳುವಾಗ ಅಜ್ಜಿಯ ದನಿಯಲ್ಲಿ ಭಕ್ತಿಗಿಂತ ಬೆರಗು ಹೆಚ್ಚಾಗಿರುತ್ತಿತ್ತು. ಕಟ್ಟಿಕೊಂಡು ಹೋದದ್ದು ಇಷ್ಟು: ಒಣಗಿಸಿದ ಖಡಕ್ ಜೋಳದ ರೊಟ್ಟಿ ಎರಡು ಗಂಟು, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಒಂದು ತಂಬಿಗೆ, ಎರಡು ಸೀರೆ, ಕುರುಬರ ಕರಿಕಂಬಳಿ. ರೊಟ್ಟಿ ಹರಿದ್ವಾರಕ್ಕೇ ಮುಗಿಯಿತು. ಮುಂದೆ ಬೆಟ್ಟದಲ್ಲಿ ಗೋಧಿ ಹಿಟ್ಟು, ಅಕ್ಕಿ, ಆಲೂಗಡ್ಡೆ. ಕೇದಾರನಾಥನ ಬಗ್ಗೆ ಮುತ್ತಜ್ಜಿಗೆ ಯಾವ ದೂರೂ ಇರಲಿಲ್ಲ. ಅಷ್ಟು ದೊಡ್ಡ ದೇವರ ಸೀಮೆಯಲ್ಲಿ ಜೋಳ ಬೆಳೆಯುವುದಿಲ್ಲವೆಂಬುದೊಂದೇ ಅವಳಿಗೆ ಕೊನೆಯವರೆಗೂ ಅರಗದೆ ಉಳಿದದ್ದು.

ಹಣದ ಮಾತನ್ನೂ ಹೇಳಬೇಕು, ಏಕೆಂದರೆ ಇತಿಹಾಸದ ಪುಸ್ತಕಗಳಲ್ಲಿ ಯಾತ್ರಿಕನ ಜೇಬನ್ನು ಯಾರೂ ನೋಡುವುದಿಲ್ಲ. ನಮ್ಮದು ನಿಜಾಮರ ರಾಜ್ಯ. ನಾಣ್ಯವೂ ಅವರದೇ, ಹಾಲಿ ಸಿಕ್ಕಾ. ಬ್ರಿಟಿಷ್ ಸೀಮೆಯಲ್ಲಿ ಅದು ನಡೆಯದು. ಸ್ಥೂಲವಾಗಿ ಏಳು ಹಾಲಿ ರೂಪಾಯಿಗೆ ಆರು ಕಂಪನಿ ರೂಪಾಯಿಯ ಲೆಕ್ಕದಲ್ಲಿ ಬದಲಾಯಿಸಿಕೊಳ್ಳಬೇಕು. ಬದಲಾಯಿಸುವ ಸಾಹುಕಾರನ ವಟ್ಟ ಬೇರೆ. ಊರಿನ ಹೊಲದಲ್ಲಿ ಬೆವರು ಸುರಿಸಿ ಕೂಡಿಟ್ಟ ಹಣ ರಾಯಚೂರಿನಲ್ಲೇ ಏಳರಲ್ಲಿ ಒಂದು ಪಾಲು ಕರಗಿದಂತೆ ಕಾಣುವಾಗ ಮುತ್ತಜ್ಜಿಯಂಥವರಿಗೆ ಏನನ್ನಿಸಿರಬೇಡ! ಆದರೆ ಅದೇ ನಿಜಾಮರ ರಾಜ್ಯ ಇನ್ನೊಂದು ಕಡೆ ನಮ್ಮವರಿಗೆ ಅನುಕೂಲವನ್ನೂ ಮಾಡಿತ್ತು. ಕಚೇರಿಯ ಭಾಷೆ ಉರ್ದು, ಪೇಟೆಯ ಭಾಷೆಯೂ ಅರ್ಧ ಉರ್ದು. ಅಕ್ಷರ ಬಾರದ ಹೆಂಗಸಿಗೂ ಬಾಡಿಗೆ ಕೇಳುವಷ್ಟು, ಬೆಲೆ ಜಗ್ಗುವಷ್ಟು, ಜಗಳ ತೆಗೆಯುವಷ್ಟು ದಖನಿ ಮಾತು ಬರುತ್ತಿತ್ತು. ಮೈಸೂರು ಸೀಮೆಯ ಯಾತ್ರಿಕನು ಹರಿದ್ವಾರದಲ್ಲಿ ಮೂಕನಾದಾಗ ರಾಯಚೂರು ಸೀಮೆಯವನು ಹೇಗೋ ನಿಭಾಯಿಸಿಕೊಂಡನು.

ಇನ್ನು ಬೆಟ್ಟದ ದಾರಿ. ಋಷಿಕೇಶದಿಂದ ಕೇದಾರಕ್ಕೆ ಸುಮಾರು 230 ಕಿಲೋಮೀಟರು. ದೇವಪ್ರಯಾಗ, ಶ್ರೀನಗರ, ರುದ್ರಪ್ರಯಾಗ, ಗುಪ್ತಕಾಶಿ, ಗೌರೀಕುಂಡ. ಲಕ್ಷ್ಮಣ ಝೂಲಾದಲ್ಲಿ ಹಿಂದೆ ಸೆಣಬಿನ ಹಗ್ಗಕ್ಕೆ ಕಟ್ಟಿದ ಬುಟ್ಟಿಯಲ್ಲಿ ಕುಳಿತು ಗಂಗೆಯನ್ನು ದಾಟುತ್ತಿದ್ದರು. 1889ರಲ್ಲಿ ಕಬ್ಬಿಣದ ಹಗ್ಗದ ಸೇತುವೆ ಬಂತು; 1924ರ ಪ್ರವಾಹ ಅದನ್ನು ಕೊಂಡೊಯ್ದಿತು; ಮತ್ತೊಂದು 1930ರಲ್ಲಿ ಸಿದ್ಧವಾಯಿತು. ಗಢವಾಲದ ದಾರಿಯನ್ನು ಮೊದಲು ನೇರ್ಪುಗೊಳಿಸಿದವನು 1816ರಿಂದ 1835ರವರೆಗೆ ಕಮಿಷನರನಾಗಿದ್ದ ಟ್ರೇಲ್. ಅದಕ್ಕೆ ಬಳಸಿದ ಹಣ ಸರ್ಕಾರದ ಬೊಕ್ಕಸದ್ದಲ್ಲ. ಯಾತ್ರಿಕರ ಅನ್ನಕ್ಕಾಗಿ ಬಿಟ್ಟಿದ್ದ ಸದಾವರ್ತದ ಹಳ್ಳಿಗಳ ಹುಟ್ಟುವಳಿಯಲ್ಲಿ ಉಳಿದದ್ದು. ಯಾತ್ರಿಕರ ಅನ್ನದಿಂದಲೇ ಯಾತ್ರಿಕರ ದಾರಿ! ಮುಂದೆ 1880ರ ದಶಕದಲ್ಲಿ ಕರಿಕಂಬಳಿ ಹೊದೆಯುತ್ತಿದ್ದ ಸ್ವಾಮಿ ವಿಶುದ್ಧಾನಂದರು, ಜನರ ಬಾಯಲ್ಲಿ ಬಾಬಾ ಕಾಲೀ ಕಮಲೀವಾಲೆ, ಈ ದಾರಿಗುಂಟ ಧರ್ಮಶಾಲೆಗಳನ್ನೂ ಅನ್ನಛತ್ರಗಳನ್ನೂ ಎಬ್ಬಿಸಿದರು.

ಎಲ್ಲಕ್ಕಿಂತ ಮುಖ್ಯವಾದುದು ಚಟ್ಟಿ. ಕೆಲವೇ ಮೈಲಿಗಳಿಗೊಂದರಂತೆ ದಾರಿಯ ಬದಿಗೆ ಹುಲ್ಲು ಹೊದಿಸಿದ ಉದ್ದನೆಯ ಚಪ್ಪರ, ಅದರ ತಲೆಯಲ್ಲೊಂದು ಅಂಗಡಿ. ಅಂಗಡಿಯವನ ಬಳಿ ಹಿಟ್ಟು ಬೇಳೆ ಕೊಂಡರೆ ಮಲಗಲು ಜಾಗ, ಅಟ್ಟುಕೊಳ್ಳಲು ಪಾತ್ರೆ, ಒಲೆ ಎಲ್ಲವೂ ಬಿಟ್ಟಿ. ಇಂಥ ಸರಳವಾದ, ಇಂಥ ಜಾಣತನದ ಏರ್ಪಾಡನ್ನು ನಾನು ಬೇರೆ ಕಂಡಿಲ್ಲ. ಯಾತ್ರಿಕನು ಯಾರಿಗೂ ಮೊದಲೇ ಕಾಗದ ಬರೆಯಬೇಕಿಲ್ಲ, ಹೊರೆ ಹೊರಬೇಕಿಲ್ಲ, ಕಾಲು ಸೋತಲ್ಲಿ ನಿಲ್ಲಬಹುದು, ಕಸುವಿದ್ದರೆ ಮುಂದಿನ ಚಟ್ಟಿಗೆ ಹೋಗಬಹುದು. ಸ್ವತಂತ್ರವಾಗಿ ತಿರುಗುವುದೆಂದರೆ ಇದೇ ಅಲ್ಲವೇ? ಆದರೆ ಈ ಸ್ವಾತಂತ್ರ್ಯದ ಹಿಂದೆ ಅಂಗಡಿಯವನ ಸ್ವಾರ್ಥ, ಸನ್ಯಾಸಿಯ ಸದಾವರ್ತ, ಪಂಡಾಗಳ ವಹಿ, ಬೆನ್ನಿನ ಬುಟ್ಟಿಯಲ್ಲಿ ಮುದುಕಿಯರನ್ನು ಹೊತ್ತೊಯ್ಯುವ ಕಂಡಿಯವನ ಬೆವರು, ಇವೆಲ್ಲ ಹೆಣೆದುಕೊಂಡಿದ್ದವು. ಒಂಟಿಯಾಗಿ ಹೋದೆನೆಂದು ಹೇಳಿಕೊಂಡ ಯಾವ ಯಾತ್ರಿಕನೂ ಒಂಟಿಯಾಗಿರಲಿಲ್ಲ.

ಹಳೆಯದನ್ನೆಲ್ಲ ಹೊಗಳುವ ಚಾಳಿ ನನಗಿಲ್ಲ. ಚಟ್ಟಿಗಳು ರೋಗದ ಗೂಡುಗಳೂ ಆಗಿದ್ದವು. ಕಾಲರಾ ಯಾತ್ರಿಕರ ಜೊತೆಯಲ್ಲೇ ಬೆಟ್ಟ ಹತ್ತುತ್ತಿತ್ತು; 1892ರಲ್ಲಿ ಹರಿದ್ವಾರದ ಜಾತ್ರೆಯನ್ನೇ ಸರ್ಕಾರ ಅರ್ಧಕ್ಕೆ ಚದುರಿಸಬೇಕಾಯಿತು. 1918ರಿಂದ 1926ರವರೆಗೆ ಎಂಟು ವರ್ಷ ಈ ದಾರಿಯಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆ ತಿರುಗಿತು. ಲೆಕ್ಕಕ್ಕೆ ಸಿಕ್ಕವರೇ 125 ಜನ. ಬಾಗಿಲಿಲ್ಲದ ಚಟ್ಟಿಗಳಲ್ಲಿ ಯಾತ್ರಿಕರು ಒಬ್ಬರಿಗೊಬ್ಬರು ಒತ್ತಿಕೊಂಡು ಮಲಗುತ್ತಿದ್ದ ರಾತ್ರಿಗಳವು. ಜಿಮ್ ಕಾರ್ಬೆಟ್ 1926ರ ಮೇ 2ರಂದು ಅದನ್ನು ಕೊಂದನು. ಮುತ್ತಜ್ಜಿಯ ಹನ್ನೊಂದು ಜನರಲ್ಲಿ ಮರಳಿ ಬಂದವರು ಒಂಬತ್ತು. ಒಬ್ಬರು ಶ್ರೀನಗರದ ಆಚೆ ವಾಂತಿಭೇದಿಯಿಂದ, ಇನ್ನೊಬ್ಬರು ಇಳಿಯುವಾಗ ಜ್ವರದಿಂದ ತೀರಿಕೊಂಡರು. ಅವರ ಮನೆಗೆ ಸುದ್ದಿ ಮುಟ್ಟಿದ್ದು ಉಳಿದವರು ಊರಿಗೆ ಬಂದ ಮೇಲೆಯೇ. ಅಜ್ಜಿ ಈ ಭಾಗವನ್ನು ಹೇಳುವಾಗ ಅತ್ತೆಯ ಮಾತನ್ನು ಅತ್ತೆಯ ದನಿಯಲ್ಲೇ ಹೇಳುತ್ತಿದ್ದಳು: “ಹೋಗಾಕ ಕಾಲು ಸಾಕವ್ವಾ, ಬಂದು ಹೇಳಾಕ ಮಾರಿ ಬೇಕು.”

ಆದರೂ ಹಳೆಯ ನಡಿಗೆಯಲ್ಲಿ ಒಂದು ವಿವೇಕವಿತ್ತು. ಅದು ನಡೆದವರಿಗೂ ಗೊತ್ತಿರಲಿಲ್ಲ. ನಮ್ಮ ಮೂರು ತಾಲ್ಲೂಕುಗಳು ಸಮುದ್ರಮಟ್ಟಕ್ಕೆ ಸುಮಾರು 400, 500 ಮೀಟರಿನ ಎತ್ತರದಲ್ಲಿವೆ. ಋಷಿಕೇಶವೂ ಹೆಚ್ಚುಕಡಿಮೆ ಸಿಂಧನೂರಿನಷ್ಟೇ ಎತ್ತರ. ಅಲಕನಂದೆಯ ಶ್ರೀನಗರಕ್ಕೆ ಬಂದರೂ 560 ಮೀಟರು ದಾಟುವುದಿಲ್ಲ. ಗುಪ್ತಕಾಶಿ 1,300, ಗೌರೀಕುಂಡ 1,980, ಕೇದಾರ 3,583. ದಿನಕ್ಕೆ ಹದಿನೈದು ಹದಿನಾರು ಕಿಲೋಮೀಟರು ನಡೆದರೆ ಎರಡು ವಾರ ಹಿಡಿಯುತ್ತದೆ. ಬಯಲು ಸೀಮೆಯ ಶ್ವಾಸಕೋಶ ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ತೆಳುಗಾಳಿಗೆ ಒಗ್ಗಿಕೊಳ್ಳುತ್ತ ಏರುತ್ತಿತ್ತು. ಸುಮಾರು 2,500 ಮೀಟರು ದಾಟಿದ ಮೇಲೆ ಎತ್ತರದ ಕಾಯಿಲೆ ಕಾಡಬಹುದೆಂದೂ, 3,000 ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂದೂ ಇಂದಿನ ವೈದ್ಯರು ಹೇಳುತ್ತಾರೆ. ಬಡತನವೂ ಮುದಿತನವೂ ಹೇರಿದ ಆ ನಿಧಾನವೇ ಔಷಧವಾಗಿತ್ತು.

1962ರ ಚೀನಾ ಯುದ್ಧವಾದ ಮೇಲೆ ಗಡಿಯ ಸಲುವಾಗಿ ಬೆಟ್ಟದೊಳಕ್ಕೆ ರಸ್ತೆಗಳು ನುಗ್ಗಿದವು. ಬಸ್ಸು ಗೌರೀಕುಂಡದವರೆಗೂ ಬಂತು. ಚಟ್ಟಿಗಳು ಒಂದೊಂದಾಗಿ ಅಳಿದವು. ಬಸ್ಸು ನಿಲ್ಲದ ಚಟ್ಟಿಗೆ ಗಿರಾಕಿ ಎಲ್ಲಿಂದ ಬರಬೇಕು? ಎರಡು ವಾರದ ಏರು ಎರಡು ದಿನದ್ದಾಯಿತು. ಹೆಲಿಕಾಪ್ಟರು ಬಂದ ಮೇಲೆ ಹತ್ತು ಮಿನಿಟಿನದಾಯಿತು. ಮುಂಜಾನೆ ಫಾಟಾದಲ್ಲಿದ್ದವನು ಕಾಫಿ ಆರುವುದರೊಳಗೆ ಮೂರೂವರೆ ಸಾವಿರ ಮೀಟರಿನಲ್ಲಿ ಇಳಿಯುತ್ತಾನೆ. ಮೇಲೆ ಹೋಗಿ ಎದೆ ಹಿಡಿದುಕೊಂಡು ಕುಸಿದವರ ಸುದ್ದಿ ಪ್ರತಿ ವರ್ಷದ ಪತ್ರಿಕೆಗಳಲ್ಲಿ ಬರುತ್ತದೆ. ಎಲ್ಲವೂ ವೇಗದ ತಪ್ಪೆಂದು ನಾನು ಹೇಳುತ್ತಿಲ್ಲ. ವಯಸ್ಸಾದವರಿಗೆ, ಅಂಗವಿಕಲರಿಗೆ ಹೆಲಿಕಾಪ್ಟರೇ ಕಂಡಿ. ಆದರೆ ಮೂವತ್ತರ ಹುಡುಗರು ರಜೆ ಸಾಲದೆಂದು ಹಾರುವುದನ್ನು ಕಂಡಾಗ ಮುತ್ತಜ್ಜಿಯ ಹದಿನೈದು ದಿನಗಳು ನೆನಪಾಗುತ್ತವೆ.

ಬೆಟ್ಟದ ಇತಿಹಾಸದಲ್ಲಿ ಎರಡು ಪ್ರವಾಹಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 1893ರಲ್ಲಿ ಬಿರೇಹಿ ಗಂಗೆಗೆ ಬೆಟ್ಟವೊಂದು ಕುಸಿದು ಅಡ್ಡ ಬಿದ್ದು ಗೋಹನಾ ಎಂಬಲ್ಲಿ ದೊಡ್ಡ ಕೆರೆಯೇ ಕಟ್ಟಿಕೊಂಡಿತು. ಮುಂದಿನ ಆಗಸ್ಟಿನಲ್ಲಿ ಅದು ಉಕ್ಕುತ್ತದೆಂದು ಎಂಜಿನಿಯರುಗಳು ಲೆಕ್ಕ ಹಾಕಿದರು. ಕೆರೆಯಿಂದ ಬಯಲಿನವರೆಗೆ ತಂತಿ ಎಳೆದರು, ಕಣಿವೆಯ ಬದಿಗಳಲ್ಲಿ ನೀರು ಇಲ್ಲಿಯವರೆಗೆ ಬರಬಹುದೆಂದು ಕಂಬ ನೆಟ್ಟು ಗುರುತು ಮಾಡಿದರು, ಸೇತುವೆಗಳನ್ನು ಬಿಚ್ಚಿಸಿದರು, ಯಾತ್ರಿಕರನ್ನು ಬೇರೆ ದಾರಿಗೆ ತಿರುಗಿಸಿದರು. 1894ರ ಆಗಸ್ಟ್ 25ರ ರಾತ್ರಿ ಕೆರೆ ಒಡೆಯಿತು. ಶ್ರೀನಗರ ಪಟ್ಟಣ ಪೂರ್ತಿ ಕೊಚ್ಚಿಹೋಯಿತು. ಸತ್ತವರು ಐವರು — ಎಚ್ಚರಿಸಿ ಕಳಿಸಿದ್ದರೂ ಕೇಳದೆ ಮರಳಿ ಕೆಳಗೆ ಹೋಗಿ ಕುಳಿತ ಒಬ್ಬ ಫಕೀರ ಮತ್ತು ಅವನ ಮನೆಯವರು. ನೂರಾ ಹತ್ತೊಂಬತ್ತು ವರ್ಷಗಳ ನಂತರ, 2013ರ ಜೂನ್ 16, 17ರಂದು, ಕೇದಾರದ ಮೇಲಿನ ಚೋರಾಬಾರಿ ಕೆರೆ ಒಡೆಯಿತು. ಆಕಾಶದಲ್ಲಿ ಉಪಗ್ರಹವಿತ್ತು, ಪ್ರತಿಯೊಬ್ಬರ ಕೈಯಲ್ಲೂ ಫೋನಿತ್ತು. ರಾಮಬಾಡಾ ಎಂಬ ಹಳೆಯ ತಂಗುದಾಣ ನೆಲದ ಮೇಲಿಂದಲೇ ಅಳಿಸಿಹೋಯಿತು. ಸತ್ತವರು ಸಾವಿರಗಟ್ಟಲೆ. ಎರಡಕ್ಕೂ ಸಮನಾದ ಹೋಲಿಕೆ ಅಲ್ಲ. ಮೊದಲನೆಯದಕ್ಕೆ ಹತ್ತು ಹನ್ನೊಂದು ತಿಂಗಳ ಮುನ್ಸೂಚನೆಯಿತ್ತು, ಎರಡನೆಯದಕ್ಕೆ ಒಂದು ರಾತ್ರಿಯೂ ಇರಲಿಲ್ಲ. ಆದರೆ ಕಣಿವೆಯಲ್ಲಿ ಯಾರೆಲ್ಲ ಇದ್ದಾರೆ, ಎಲ್ಲಿ ಮಲಗಿದ್ದಾರೆಂಬ ಲೆಕ್ಕ 1894ರಲ್ಲಿ ಸರ್ಕಾರದ ಬಳಿಯಿತ್ತು. 2013ರಲ್ಲಿ ಇರಲಿಲ್ಲ. ನದಿಯ ಪಾತ್ರಕ್ಕೇ ಇಳಿದು ನಿಂತ ಹೋಟೆಲುಗಳಿದ್ದವು.

ಅದಾದ ಮೇಲೆ ಯಾತ್ರಿಕನು ಹೆಸರು ನೋಂದಾಯಿಸಿ ಹೋಗಬೇಕೆಂಬ ನಿಯಮ ಬಂತು. ರಾಮಬಾಡಾದಿಂದ ಮುಂದಿನ ದಾರಿ ಮಂದಾಕಿನಿಯ ಇನ್ನೊಂದು ದಡಕ್ಕೆ, ಲಿಂಚೋಲಿಯ ಮೇಲೆ ಹೋಯಿತು. ನನ್ನ ಸ್ನೇಹಿತರೊಬ್ಬರು ಈ ನೋಂದಣಿಯನ್ನು ಸ್ವಾತಂತ್ರ್ಯಹರಣವೆನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹಳೆಯ ಪಂಡಾಗಳ ವಹಿ ಮತ್ತೇನು? ಊರು, ಮನೆತನ, ತಂದೆಯ ಹೆಸರು, ಯಾರ ಜೊತೆ ಬಂದ, ಎಲ್ಲವನ್ನೂ ಬರೆದುಕೊಂಡೇ ಮುಂದೆ ಬಿಡುತ್ತಿದ್ದರು. ಹೋದವನು ಮರಳಲಿಲ್ಲವೆಂದರೆ ಅವನ ಮಗ ಬಂದು ಆ ಪುಟವನ್ನಾದರೂ ನೋಡಬಹುದಿತ್ತು.

ನಾನು ಹೋದದ್ದು ಪ್ರವಾಹವಾಗಿ ಹಲವು ವರ್ಷಗಳ ಮೇಲೆ, ಬೇಸಗೆಯ ರಜೆಯಲ್ಲಿ. ಯಾವ ಏಜೆಂಟರನ್ನೂ ಹಿಡಿಯದೆ, ಬಸ್ಸು ಸಿಕ್ಕಲ್ಲಿ ಬಸ್ಸು, ಜೀಪು ಸಿಕ್ಕಲ್ಲಿ ಜೀಪು ಹತ್ತಿ, ಬೇಕೆಂದೇ ಒಂದೊಂದು ಊರಿನಲ್ಲಿ ಒಂದೊಂದು ರಾತ್ರಿ ತಂಗುತ್ತ ಹೋದೆ. ದೇವಪ್ರಯಾಗ, ರುದ್ರಪ್ರಯಾಗ, ಗುಪ್ತಕಾಶಿ. ಮುತ್ತಜ್ಜಿಯ ಹದಿನೈದು ರಾತ್ರಿಗಳ ಜಾಗದಲ್ಲಿ ನನಗೆ ಆರು ದೊರೆತವು. ಗೌರೀಕುಂಡದಿಂದ ಮೇಲಕ್ಕೆ ಕೋಲೂರಿಕೊಂಡು ನಡೆದೆ. ಹೇಸರಗತ್ತೆಗಳ ಸಾಲು, ಲದ್ದಿಯ ವಾಸನೆ, ಪ್ಲಾಸ್ಟಿಕ್ ಹೊದ್ದ ಮುದುಕಿಯರು, ಕಂಡಿ ಹೊತ್ತ ನೇಪಾಳಿ ಹುಡುಗರು. ಲಿಂಚೋಲಿಯ ಬಳಿ ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ಹಿಡಿಯುತ್ತಿದ್ದಾಗ ಪಕ್ಕದಲ್ಲೇ ಕುಳಿತವರೊಬ್ಬರು ಶೇಂಗಾ ಹಿಂಡಿಯ ಪೊಟ್ಟಣ ಬಿಚ್ಚಿದರು. ಆ ಎತ್ತರದಲ್ಲಿ ಆ ವಾಸನೆಯನ್ನು ತಪ್ಪಾಗಿ ತಿಳಿಯುವುದು ಸಾಧ್ಯವೇ ಇಲ್ಲ. ಮಾತಾಡಿಸಿದೆ. ವಿಜಯಪುರದ ಕಡೆಯವರು, ಎಂಟು ಸಲ ಶ್ರೀಶೈಲಕ್ಕೆ ನಡೆದವರು, ಇಲ್ಲಿಗೆ ಮೊದಲ ಸಲ. “ಭೀಮನಕೊಳ್ಳ ಹತ್ತಿದ ಕಾಲಿಗೆ ಇದೇನ್ ಹೆಚ್ಚಲ್ರಿ ಸರ್ರ, ಗಾಳಿನೇ ಸಾಲವಲ್ದು ನೋಡ್ರಿ” ಎಂದರು.

ಇಳಿದು ಬರುವಾಗ ಊಖೀಮಠದಲ್ಲಿ ಎರಡು ದಿನವಿದ್ದೆ. ಓಂಕಾರೇಶ್ವರನ ಗುಡಿಯ ಮರದ ಕೆತ್ತನೆಯ ಪಡಸಾಲೆಯಲ್ಲಿ ಸಂಜೆಯ ಬಿಸಿಲು ಬಿದ್ದಿತ್ತು. ಎದುರಿಗೆ ಕಣಿವೆಯಾಚೆ ಗುಪ್ತಕಾಶಿಯ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ಅಲ್ಲಿದ್ದ ಪೂಜಾರಿಯೊಬ್ಬರು ನನ್ನ ಹಿಂದಿಯನ್ನು ಎರಡು ಮಾತು ಕೇಳಿ, ನಕ್ಕು, ಕನ್ನಡಕ್ಕೆ ಹೊರಳಿದರು. ಯಾವೂರು ಎಂದರು, ಹೇಳಿದೆ. ದೇವರ ಮಾತು, ದಾರಿಯ ಮಾತು ಯಾವುದನ್ನೂ ಅವರು ಕೇಳಲಿಲ್ಲ. ಶಾಲು ಸರಿಪಡಿಸಿಕೊಂಡು, ಹತ್ತಿರ ಸರಿದು ಕುಳಿತು, “ಎಡದಂಡೆ ಕಾಲುವೆಗೆ ಈ ಸಲ ಎರಡನೇ ಬೆಳಿಗೆ ನೀರು ಬಿಟ್ಟಿದ್ರೇನ್ರಿ? ಭತ್ತ ಹೆಂಗೈತಿ?” ಎಂದು ವಿಚಾರಿಸಿದರು.